ಗೇಟ್‌ವೇ ಟೇಪು, ಬೈನಾರಲ್ ಬೀಟ್ಸು: ಎರಡು ಕಿವಿಗೆ ಎರಡು ಸ್ವರ ಕೊಟ್ರೆ ಮಿದುಳಲ್ಲಿ ನಿಜವಾಗ್ಲೂ ಏನಾಗುತ್ತೆ?

ರಾತ್ರಿಪಾಳಿ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನನ್ನ ಫೀಡ್ ತುಂಬ ಈಗ "ಸಿಐಎ ಗೇಟ್‌ವೇ ಟೇಪ್" ಅಂತ ರೀಲ್ಸೇ ಬರ್ತಿವೆ, ಹೆಡ್‌ಫೋನ್ ಹಾಕ್ಕೊಂಡು ಮಲಗಿದ್ರೆ ಎಡ ಮಿದುಳು ಬಲ ಮಿದುಳು ಎರಡೂ ಒಂದೇ ತಾಳಕ್ಕೆ ಬಂದು ಪ್ರಜ್ಞೆ ದೇಹದಿಂದ ಹೊರಗೆ ಹೋಗುತ್ತೆ ಅಂತ. ನನ್ನದು ಬೆಂಗಳೂರಲ್ಲಿ ನೈಟ್ ಶಿಫ್ಟ್ ಕೆಲ್ಸ, ಬೆಳಗ್ಗೆ ಬಂದು ಮಲಗಿದ್ರೆ ನಿದ್ದೆ ಸರಿಯಾಗಿ ಹತ್ತಲ್ಲ, ಅದಕ್ಕೇ ಕೇಳೋಣ ಅಂತ ಶುರು ಮಾಡ್ದೆ. ಮೊದ್ಲು ಚಿಂತೆಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ್ಹಾಗೆ ಕಲ್ಪಿಸ್ಕೊಳ್ಳಿ ಅಂತಾರೆ, ಆಮೇಲೆ ಉಸಿರು ಬಿಡ್ತಾ ಮ್‌ಮ್‌ ಅಂತ ಗುನುಗೋದು, "ನಾನು ನನ್ನ ದೇಹಕ್ಕಿಂತ ಹೆಚ್ಚಿನವನು" ಅಂತ ಮನಸ್ಸಲ್ಲಿ ಹೇಳ್ಕೊಳ್ಳೋದು, ಆಮೇಲೆ ಒಂದರಿಂದ ಹತ್ತು ಎಣಿಸ್ತಾ ಫೋಕಸ್ 10 ಅನ್ನೋ ಸ್ಥಿತಿಗೆ ಕರ್ಕೊಂಡು ಹೋಗ್ತಾರೆ. ಅದು ಅಂದ್ರೆ ಮನಸ್ಸು ಎಚ್ಚರ, ದೇಹ ನಿದ್ದೆ.

ಒಂದಿನ ನಿಜವಾಗ್ಲೂ ಹಾಗೇ ಆಯ್ತು. ಕೈಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ, ಗೊರಕೆ ಥರ ಸದ್ದು ಕೇಳಿಸ್ತಿದೆ, ಅದು ನಂದೇ, ಆದ್ರೆ ನಾನು ಪೂರ್ತಿ ಎಚ್ಚರವಾಗಿದೀನಿ. ಹೆದರಿಕೆ ಆಗ್ಲಿಲ್ಲ, ತುಂಬ ಹಗುರ ಅನ್ನಿಸ್ತು. ಈಗ ಆಫೀಸಲ್ಲಿ ಗೆಳೆಯ ಹೇಳ್ತಾನೆ ಅಮೆರಿಕದ ಸೇನೆನೇ ಇದನ್ನ ಸಾಬೀತು ಮಾಡಿದೆ ಅಂತ. ನನ್ನ ಪ್ರಶ್ನೆ: ಎರಡು ಭಾಗ ಸಿಂಕ್ ಆಗೋದು ನಿಜಾನಾ? ಸೇನೆ ಒಪ್ಕೊಂಡಿದ್ದು ನಿಜಾನಾ? ದಿನಾ ಕೇಳಿದ್ರೆ ತೊಂದ್ರೆ ಇದೆಯಾ?

ಶ್ರುತಿಪೆಟ್ಟಿಗೆ:
ಮೊದಲನೇ ಪ್ರಶ್ನೆಯ ಅರ್ಧ ನಾನು ಹೇಳ್ತೀನಿ, ಶಬ್ದದ ಭಾಗ. ಮೈಸೂರಲ್ಲಿ ರೆಕಾರ್ಡಿಂಗ್ ಕೆಲ್ಸ ಮಾಡ್ತೀನಿ, ಮನೆಯಲ್ಲಿ ವೀಣೆ ಪಾಠ ನಡೆಯುತ್ತೆ.

ತಂಬೂರಿ ಶ್ರುತಿ ಮಾಡಿರೋರಿಗೆ ಬೀಟ್ಸ್ ಹೊಸದಲ್ಲ. ಸಾರಣಿ, ಅನುಸಾರಣಿ ಎರಡೂ ತಂತಿ ಒಂದೇ ಷಡ್ಜಕ್ಕೆ ಕೂಡ್ಬೇಕು, ಒಂದು ಸ್ವಲ್ಪ ಇಳಿದಿದ್ರೂ ನಾದ ವ್ಹಾವ್ ವ್ಹಾವ್ ಅಂತ ಏರಿಳಿಯುತ್ತೆ, ಬಿರಡೆ ತಿರುಗಿಸಿ ಆಮೇಲೆ ಮಣಿ ಸರಿಸ್ತಾ ಹೋದ್ರೆ ಆ ಅಲೆ ನಿಧಾನ ಆಗ್ತಾ ಆಗ್ತಾ ನಿಂತುಬಿಡುತ್ತೆ, ಆಗ ಕೂಡ್ತು ಅಂತ ಲೆಕ್ಕ. ಒಂದು ತಂತಿ ಸೆಕೆಂಡಿಗೆ 200 ಸಲ ಕಂಪಿಸಿ ಇನ್ನೊಂದು 204 ಸಲ ಕಂಪಿಸಿದ್ರೆ ಆ ಏರಿಳಿತ ಸೆಕೆಂಡಿಗೆ 4 ಸಲ. ಇದು ಗಾಳಿಯಲ್ಲೇ ಆಗೋ ಬೀಟು, ಮೈಕ್ ಇಟ್ರೆ ರೆಕಾರ್ಡ್ ಕೂಡ ಆಗುತ್ತೆ.

ಬೈನಾರಲ್ ಅಂದ್ರೆ ಆ 200ನ್ನ ಎಡಗಿವಿಗೆ ಮಾತ್ರ, 204ನ್ನ ಬಲಗಿವಿಗೆ ಮಾತ್ರ ಕೊಡೋದು. ಈಗ ಗಾಳಿಯಲ್ಲಿ ಅವೆರಡೂ ಸೇರೋದೇ ಇಲ್ಲ. ಎಡಗಡೆ ಹೆಡ್‌ಫೋನ್‌ಗೆ ಮೈಕ್ ಇಟ್ರೂ ಏರಿಳಿತ ಇಲ್ಲ, ಬಲಗಡೆಗೆ ಇಟ್ರೂ ಇಲ್ಲ. ಆದ್ರೂ ನಿಮಗೆ 4ರ ಅಲೆ ಕೇಳಿಸುತ್ತೆ! ಅಂದ್ರೆ ಆ ಬೀಟು ಹುಟ್ಟೋದು ನಿಮ್ಮ ತಲೆಯೊಳಗೆ. ನನಗೆ ಈ ವಿಷಯದಲ್ಲಿ ಅತ್ಯಂತ ಆಶ್ಚರ್ಯ ಅನ್ಸೋದು ಇದೇ, ದೇಹ ಬಿಟ್ಟು ಹೋಗೋ ಕಥೆಗಿಂತ ಜಾಸ್ತಿ. ಇದನ್ನ 1840ರ ಆಸುಪಾಸಲ್ಲಿ ಹೈನ್ರಿಖ್ ವಿಲ್ಹೆಲ್ಮ್ ಡೋವ ಅನ್ನೋ ಪ್ರಷ್ಯಾದ ಭೌತಶಾಸ್ತ್ರಜ್ಞ ಗಮನಿಸಿದ್ರು, ಆಗ ಹೆಡ್‌ಫೋನೂ ಇಲ್ಲ ಕರೆಂಟೂ ಇಲ್ಲ. ಆಮೇಲೆ 1973ರಲ್ಲಿ ಗೆರಾಲ್ಡ್ ಆಸ್ಟರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದ ಮೇಲೇ ಇದು ಎಲ್ರಿಗೂ ಗೊತ್ತಾಗಿದ್ದು.

ಮಿತಿ ಇದೆ. ಮೂಲ ಸ್ವರ ಸುಮಾರು 1000 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 1000 ಕಂಪನ, ದಾಟಿದ್ರೆ ಬೀಟ್ ಕೇಳ್ಸಲ್ಲ, 440ರ ಹತ್ರ ಚೆನ್ನಾಗಿ ಕೇಳುತ್ತೆ ಅಂತ ಆಸ್ಟರ್ ಬರ್ದಿದ್ರು. ಎರಡರ ಮಧ್ಯೆ ವ್ಯತ್ಯಾಸ 30 ದಾಟಿದ್ರೆ ಬೀಟ್ ಹೋಗಿ ಎರಡು ಬೇರೆ ಬೇರೆ ಸ್ವರ ಆಗಿ ಕೇಳುತ್ತೆ. ಯೂಟ್ಯೂಬಲ್ಲಿ "963 ಹರ್ಟ್ಜ್ ದೈವಿಕ ತರಂಗ" ಅಂತೆಲ್ಲ ಹಾಕಿರೋದು ಬೇರೆ ಕಥೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು, ಬ್ಲೂಟೂತ್ ಸ್ಪೀಕರಲ್ಲಿ ಹಾಕಿ ಕೇಳಿದ್ರೆ ಅದು ಬೈನಾರಲ್ ಅಲ್ಲ, ಮಾಮೂಲಿ ಗಾಳಿ ಬೀಟು. ಫೋನ್ ಸೆಟ್ಟಿಂಗಲ್ಲಿ ಮೋನೋ ಆಡಿಯೋ ಆನ್ ಆಗಿದ್ರೂ ಅಷ್ಟೇ. ಒಂದು ಕಿವಿಯದು ತೆಗೆದು ನೋಡಿ, ಆಗ್ಲೂ ಏರಿಳಿತ ಕೇಳ್ತಿದ್ರೆ ಆ ಫೈಲಲ್ಲೇ ಬೀಟ್ ಬೆರೆಸಿದಾರೆ ಅಂತ ಅರ್ಥ.

ಧಾರವಾಡದಾಂವ:
ಭಾಳ ಚಂದ ಹೇಳಿದ್ರಿ. ನಾನು ಇದರ ಹಿಂದಿನ ಮನಷ್ಯಾನ ಬಗ್ಗೆ ಒಂದೀಟು ಹೇಳ್ತೇನಿ, ಯಾಕಂದ್ರ ರೀಲ್ಸ್‌ನ್ಯಾಗ ಎಲ್ಲಾ ಸಿಐಎ ಸಿಐಎ ಅಂತಾರ, ಇದನ್ನ ಹುಟ್ಟಿಸಿದಾಂವ ಸಿಐಎದವ ಅಲ್ಲ, ರೇಡಿಯೋದವ.

ರಾಬರ್ಟ್ ಮನ್ರೋ, 1915ರಾಗ ಹುಟ್ಟಿದಾಂವ, ನ್ಯೂಯಾರ್ಕಿನ್ಯಾಗ ರೇಡಿಯೋ ಕಾರ್ಯಕ್ರಮ ಮಾಡಿ ಕಂಪನಿ ಕಟ್ಟಿ ದುಡ್ಡು ಗಳಿಸಿದ್ದ. 1956ರ ಹೊತ್ತಿಗೆ ನಿದ್ದಿ ಮಾಡೂ ಮುಂದ ಪಾಠ ಕಲಸಾಕ ಆಗ್ತದೇನು ಅಂತ ಶಬ್ದದ ಪ್ರಯೋಗ ಶುರು ಮಾಡಿದ, ತನ್ನ ಮ್ಯಾಲೇ ಮಾಡ್ಕೊಂತಿದ್ದ. 1958ರಾಗ ಅವಂಗ ದೇಹದಿಂದ ಹೊರಗ ಹೋದಂಗ ಅನುಭವ ಆಗಾಕ ಹತ್ತಿತು. ಮೊದಲ ಗಾಬರಿ ಆದ, ಡಾಕ್ಟರ್ ಕಡೆ ಹೋದ, ಆಮ್ಯಾಲ ಅದನ್ನ ಬರ್ಕೊಂತ ಹೋದ, 1971ರಾಗ ಪುಸ್ತಕ ಆತು. 1975ರಾಗ ಶಬ್ದದಿಂದ ನಿದ್ದಿಯ ಬ್ಯಾರೆ ಬ್ಯಾರೆ ಹಂತ ತರಿಸೂ ವಿಧಾನಕ್ಕ ಅಮೆರಿಕದ ಪೇಟೆಂಟ್ ಸಿಕ್ತು. ಇದನ್ನ ಬೆಳಸಿ ಹೆಮಿ-ಸಿಂಕ್ ಅಂತ ಹೆಸರಿಟ್ಟ, ಹೆಮಿಸ್ಫಿಯರ್ ಸಿಂಕ್ ಅಂತ. ವರ್ಜೀನಿಯಾದ ಫೇಬರ್ ಊರಿನ ಹತ್ರ ಬ್ಲೂ ರಿಜ್ ಗುಡ್ಡದ ಬುಡಕ ಮನ್ರೋ ಇನ್‌ಸ್ಟಿಟ್ಯೂಟ್ ಅದ, ಇವತ್ತಿಗೂ ನಡೀತದ, ಈ ಗೇಟ್‌ವೇ ಟೇಪು ಅವರದ. ಅಲ್ಲಿ ಹೋದವರಿಗೆ ಪರದೆ ಹಾಕಿದ ಸಣ್ಣ ಗೂಡಿನಂಥ ಹಾಸಿಗಿ, ಅದರಾಗ ಹೆಡ್‌ಫೋನು. ಆಂವ 1995ರಾಗ ತೀರ್ಕೊಂಡ.

ನನಗ ಅವನ ಬಗ್ಗೆ ಗೌರವ ಅದ ನೋಡ್ರಿ. ತನಗ ಆದದ್ದನ್ನ ಮುಚ್ಚಿಡಲಿಲ್ಲ, ದೇವರು ದೆವ್ವ ಅಂತ ಅದಕ್ಕ ಧರ್ಮದ ಬಣ್ಣಾನೂ ಹಚ್ಚಲಿಲ್ಲ. ಆದ್ರ ಅವನ ಅನುಭವ ಖರೇ ಇರೂದು ಒಂದು, ಅವನು ಅದಕ್ಕ ಕೊಟ್ಟ ಕಾರಣ ಖರೇ ಇರೂದು ಇನ್ನೊಂದು. ಇವೆರಡನ್ನ ಕೂಡಿಸಿಬಿಟ್ರ ಚರ್ಚಾ ಮುಂದಕ್ಕ ಹೋಗೂದಿಲ್ಲ.

ಫೈಲ್‌ಓದುಗ:
ಎರಡನೇ ಪ್ರಶ್ನೆಗೆ ನಾನು. ಸೇನೆ ಸಾಬೀತು ಮಾಡಿದೆ ಅನ್ನೋರು ತೋರಿಸೋದು ಗೇಟ್‌ವೇ ಬಗ್ಗೆ ಇರೋ ಒಂದು ಸರ್ಕಾರಿ ದಾಖಲೆನ, ಅದನ್ನ ನಾನು ಪೂರ್ತಿ ಓದಿದೀನಿ, ರೀಲ್ಸ್ ಮಾಡೋ ಬಹಳಷ್ಟು ಜನ ಮೊದಲ ಪುಟದ ಫೋಟೋ ಮಾತ್ರ ತೋರಿಸ್ತಾರೆ. 1983ರ ಜೂನ್ 9ರ ದಿನಾಂಕ, ಬರೆದವರು ಅಮೆರಿಕ ಸೇನೆಯ ಲೆಫ್ಟಿನೆಂಟ್ ಕರ್ನಲ್ ವೇನ್ ಮೆಕ್‌ಡೊನೆಲ್. ಅದು ಸಿಐಎ ಮಾಡಿದ ಸಂಶೋಧನೆ ಅಲ್ಲ, ಸೇನೆಯ ಗುಪ್ತಚರ ವಿಭಾಗದ ಒಬ್ಬ ಅಧಿಕಾರಿ ಮೇಲಿನವರು ಕೇಳಿದ್ದಕ್ಕೆ ಬರೆದುಕೊಟ್ಟ ಮೌಲ್ಯಮಾಪನ, ಆಮೇಲೆ ಸಿಐಎ ಕಡತಕ್ಕೆ ಸೇರ್ತು, 2003ರಲ್ಲಿ ಬಿಡುಗಡೆಯ ಮೊಹರು ಬಿತ್ತು. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದ ಜನರಲ್ ಸ್ಟಬಲ್‌ಬೈನ್ ಅವರಿಗೆ ಇಂಥ ವಿಷಯಗಳಲ್ಲಿ ತುಂಬ ಆಸಕ್ತಿ, ಅವ್ರ ಕಾಲದಲ್ಲೇ ಸೇನೆಯವರು ಮನ್ರೋ ಹತ್ರ ಹೋಗಿಬಂದಿದ್ದು.

ಒಳಗೆ ಏನಿದೆ ಅಂದ್ರೆ ಮೊದ್ಲು ಹಿಪ್ನಾಸಿಸ್, ಬಯೋಫೀಡ್‌ಬ್ಯಾಕ್, ಧ್ಯಾನ ಇವುಗಳ ಜೊತೆ ಗೇಟ್‌ವೇನ ಹೋಲಿಸ್ತಾರೆ, ಆಮೇಲೆ ಇಟ್ಜಾಕ್ ಬೆಂಟೊವ್ ಅನ್ನೋರ ವಿಚಾರ ಇಟ್ಕೊಂಡು ಹೃದಯದ ಬಡಿತದಿಂದ ದೇಹದಲ್ಲಿ ಏಳೋ ಅಲೆ, ವಿಶ್ವವೇ ಹೊಲೋಗ್ರಾಂ, ಕಾಲದೇಶ ಮೀರಿದ ಪ್ರಜ್ಞೆ ಅಂತೆಲ್ಲ ಹೋಗ್ತಾರೆ. ಓದೋಕೆ ರೋಮಾಂಚನ ಆಗುತ್ತೆ, ಮನುಷ್ಯ ಪ್ರಾಮಾಣಿಕವಾಗಿ ಯೋಚ್ನೆ ಮಾಡಿದಾರೆ ಅಂತಾನೂ ಅನ್ಸುತ್ತೆ. ಆದ್ರೆ ಅದ್ರಲ್ಲಿ ಇಷ್ಟು ಜನರಿಗೆ ಟೇಪ್ ಕೇಳಿಸಿದ್ವಿ, ಇಷ್ಟು ಜನರಿಗೆ ಕೇಳಿಸ್ಲಿಲ್ಲ, ಇಇಜಿಯಲ್ಲಿ (ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ದಾಖಲಿಸೋದು) ಇಷ್ಟು ವ್ಯತ್ಯಾಸ ಬಂತು ಅನ್ನೋ ಪ್ರಯೋಗ ಇಲ್ಲ. ಸರ್ಕಾರಿ ಮೊಹರು ಇರೋದು ಕಾಗದದ ಮೇಲೆ, ಅದರೊಳಗಿನ ಭೌತಶಾಸ್ತ್ರದ ಮೇಲಲ್ಲ.

25ನೇ ಪುಟ ಕಾಣೆ ಆಗಿತ್ತು ಅಂತ ದೊಡ್ಡ ಸುದ್ದಿ ಇತ್ತಲ್ಲ, ಅದು 2021ರಲ್ಲಿ ಹೊರಗೆ ಬಂತು, ಅದರಲ್ಲೂ ಹಿಂದಿನ ಪುಟಗಳ ತತ್ವವಿಚಾರನೇ ಮುಂದುವರೆದಿದೆ.

ಮತ್ತೆ ಆ ಕಾಲದ ರಿಮೋಟ್ ವ್ಯೂಯಿಂಗ್ ಪ್ರಯೋಗ, ಅಂದ್ರೆ ಕೂತಲ್ಲಿಂದಲೇ ದೂರದ ಜಾಗ ನೋಡೋದು, ಸ್ಟಾರ್‌ಗೇಟ್ ಅಂತ ಕೊನೆಗೆ ಹೆಸರು ಬಂದ ಕಾರ್ಯಕ್ರಮ, ಇಪ್ಪತ್ತು ವರ್ಷ ಆಸುಪಾಸು ನಡೆದು 1995ರಲ್ಲಿ ನಿಂತುಹೋಯ್ತು. ಪರಿಶೀಲನೆ ಮಾಡಿದವರಲ್ಲಿ ಜೆಸಿಕಾ ಅಟ್ಸ್ ಪ್ರಯೋಗಾಲಯದ ಫಲಿತಾಂಶದಲ್ಲಿ ಏನೋ ಇದೆ ಅಂದ್ರು, ರೇ ಹೈಮನ್ ಒಪ್ಲಿಲ್ಲ, ಆದ್ರೆ ಗುಪ್ತಚರ ಕೆಲಸಕ್ಕೆ ಉಪಯೋಗಕ್ಕೆ ಬಂದಿಲ್ಲ ಅಂತ ಒಟ್ಟು ವರದಿ ಹೇಳ್ತು. ಹಾಗಾಗಿ ನಿಮ್ಮ ಗೆಳೆಯರಿಗೆ ಹೇಳಿ, ಸೇನೆ ಆಸಕ್ತಿ ತೋರಿಸಿದ್ದು ಪೂರ್ತಿ ನಿಜ, ಸಾಬೀತು ಮಾಡಿದ್ದು ಅಲ್ಲ.

ನರಮಂಡಲ:
ಆಸ್ಪತ್ರೆಯ ನ್ಯೂರಾಲಜಿ ವಿಭಾಗದಲ್ಲಿ ಇಇಜಿ ತೆಗೆಯೋ ಕೆಲ್ಸ ನಂದು, ದಿನಾ ಈ ಅಲೆಗಳನ್ನೇ ನೋಡ್ತೀನಿ, ಹಾಗಾಗಿ "ಎರಡು ಭಾಗ ಸಿಂಕ್" ಅನ್ನೋ ಮಾತಿನ ಬಗ್ಗೆ ಬಿಡಿಸಿ ಹೇಳ್ಬೇಕು.

ಎಡಗಿವಿಗೆ ಕೊಟ್ಟಿದ್ದು ಬಲ ಮಿದುಳಿಗೆ, ಬಲಗಿವಿಗೆ ಕೊಟ್ಟಿದ್ದು ಎಡ ಮಿದುಳಿಗೆ ಹೋಗುತ್ತೆ, ಅವೆರಡೂ ಮಾತಾಡ್ಕೊಂಡು ವ್ಯತ್ಯಾಸದ 4 ಹರ್ಟ್ಜನ್ನ ಸೃಷ್ಟಿ ಮಾಡ್ತವೆ, ಆಗ ಎರಡೂ ಒಂದಾಗ್ತವೆ ಅನ್ನೋ ವಿವರಣೆ ಎಲ್ಲಾ ಕಡೆ ಇದೆ. ಕಿವಿಯ ದಾರಿ ಹಾಗಿಲ್ಲ. ಪ್ರತಿ ಕಿವಿಯ ನರದ ಸುದ್ದಿ ಎರಡೂ ಬದಿಗೂ ಹೋಗುತ್ತೆ, ಎದುರು ಬದಿಗೆ ಸ್ವಲ್ಪ ಜಾಸ್ತಿ ಅಷ್ಟೇ. ಮತ್ತೆ ಎರಡು ಕಿವಿಯ ಸುದ್ದಿ ಮೊದಲ ಸಲ ಸೇರೋದು ಮೇಲಿರೋ ದೊಡ್ಡ ಮಿದುಳಲ್ಲಿ ಅಲ್ಲವೇ ಅಲ್ಲ, ಕೆಳಗೆ ಬ್ರೈನ್‌ಸ್ಟೆಮ್‌ನಲ್ಲಿ, ಅಂದ್ರೆ ಮಿದುಳಿನ ಬುಡದಲ್ಲಿ, ಸುಪೀರಿಯರ್ ಆಲಿವ್ ಅನ್ನೋ ಜಾಗದಲ್ಲಿ. ಆ ಜಾಗದ ನಿಜವಾದ ಕೆಲ್ಸ ಶಬ್ದ ಯಾವ ಕಡೆಯಿಂದ ಬಂತು ಅಂತ ಕಂಡುಹಿಡಿಯೋದು. ಎಡಗಡೆಯಿಂದ ಯಾರಾದ್ರೂ ಕೂಗಿದ್ರೆ ಎಡಗಿವಿಗೆ ಮೊದಲು ತಲುಪಿ ಬಲಗಿವಿಗೆ ಸ್ವಲ್ಪ ತಡ ಆಗುತ್ತೆ, ಅತಿ ಹೆಚ್ಚು ಅಂದ್ರೂ ಸೆಕೆಂಡಿನ ಹತ್ತು ಲಕ್ಷದ ಆರೇಳು ನೂರು ಭಾಗ, ನಾವು ಅದರಲ್ಲೂ ಹತ್ತಿಪ್ಪತ್ತು ಭಾಗದ ವ್ಯತ್ಯಾಸ ಹಿಡಿತೀವಿ. ಅಷ್ಟು ಸೂಕ್ಷ್ಮವಾಗಿ ಕಾಲ ಅಳೆಯೋ ನರಕೋಶಗಳಿಗೆ 200 ಮತ್ತು 204 ಕೊಟ್ರೆ ಕ್ಷಣಕ್ಕೊಂದು ಅಂತರ ಕಾಣುತ್ತೆ, ಒಂದು ಸಲ ಎಡ ಮುಂದೆ, ಒಂದು ಸಲ ಬಲ ಮುಂದೆ. ವ್ಯತ್ಯಾಸ ತುಂಬ ಕಮ್ಮಿ ಇಟ್ರೆ, ಒಂದು ಹರ್ಟ್ಜ್ ಇಟ್ಟು ನೋಡಿ, ಬೀಟ್ ಥರ ಅಲ್ಲ, ಶಬ್ದವೇ ತಲೆಯೊಳಗೆ ಈ ಕಡೆಯಿಂದ ಆ ಕಡೆಗೆ ಓಡಾಡಿದ ಹಾಗೆ ಕೇಳುತ್ತೆ. 1000 ಹರ್ಟ್ಜ್ ದಾಟಿದ್ರೆ ಯಾಕೆ ಕೇಳ್ಸಲ್ಲ ಅನ್ನೋದಕ್ಕೂ ಇದೇ ಕಾರಣ, ಅಷ್ಟು ವೇಗದ ಅಲೆಯ ಒಂದೊಂದು ಏರಿಳಿತಕ್ಕೂ ಸರಿಯಾಗಿ ಹೊಂದಿಕೊಂಡು ಆ ನರಗಳಿಗೆ ಮಿಡಿಯೋಕೆ ಕಷ್ಟ.

ಎಡ ಬಲ ಭಾಗಗಳು ಬೇರೆ ಬೇರೆ ಇದ್ದು ಅವನ್ನ ಸೇರಿಸ್ಬೇಕು ಅನ್ನೋ ಕಲ್ಪನೆಯೂ ಸರಿಯಿಲ್ಲ. ಅವೆರಡನ್ನ ಸೇರಿಸೋ ಕಾರ್ಪಸ್ ಕಲೋಸಮ್‌ನಲ್ಲಿ ಸುಮಾರು 20 ಕೋಟಿ ನರತಂತು ಇವೆ, ನೀವು ಸುಮ್ನೆ ಕೂತಿದ್ರೂ ಅವು ಮಾತಾಡ್ತಾನೇ ಇರ್ತವೆ. ಅದನ್ನ ಕತ್ತರಿಸಿದ ರೋಗಿಗಳ ಮೇಲೆ ಮಾಡಿದ ಕೆಲಸಕ್ಕೇ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂದಿದ್ದು. ಅಲ್ಲಿಂದಲೇ ಎಡ ಅಂದ್ರೆ ಲೆಕ್ಕ, ಬಲ ಅಂದ್ರೆ ಕಲೆ ಅನ್ನೋ ಮಾತು ಊರೆಲ್ಲ ಹರಡಿಕೊಳ್ತು. ಮತ್ತೆ ಸಿಂಕ್ ಜಾಸ್ತಿ ಆದಷ್ಟೂ ಒಳ್ಳೇದು ಅಂತೇನಿಲ್ಲ. ಫಿಟ್ಸ್ ಬಂದಾಗ ಇಇಜಿಯಲ್ಲಿ ಎರಡೂ ಬದಿ ಒಟ್ಟೊಟ್ಟಿಗೆ ಹೊಡ್ಕೊಳ್ಳೋದನ್ನ ನಾನು ಕಣ್ಣಾರೆ ನೋಡ್ತೀನಿ. ಮಿದುಳು ಚೆನ್ನಾಗಿ ಕೆಲ್ಸ ಮಾಡೋವಾಗ ಕೆಲವು ಜಾಗ ಕೆಲವು ಹೊತ್ತು ಸೇರ್ತವೆ, ಮತ್ತೆ ಬಿಡ್ತವೆ.

ಬೆಟ್ಟದಹಾದಿ:
ಎಲ್ಲ ಓದ್ದೆ, ಗೌರವದಿಂದಾನೇ ಒಂದು ಮಾತು. ನಾನು ಈ ಟೇಪುಗಳನ್ನ ವರ್ಷಗಳಿಂದ ಕೇಳ್ತಾ ಇದೀನಿ, ಫೋಕಸ್ 10 ಮಾತ್ರ ಅಲ್ಲ, 12ಕ್ಕೂ ಹೋಗಿದೀನಿ, ಅಲ್ಲಿ ಅರಿವು ದೇಹದಷ್ಟಕ್ಕೇ ನಿಲ್ಲಲ್ಲ, ಕೋಣೆಗಿಂತ ದೊಡ್ಡದಾದ ಹಾಗೆ ಇರುತ್ತೆ. ನನ್ನ ತಂದೆ ಹೋದ ಮೇಲೆ ಬದುಕು ಹಿಡಿದು ನಿಲ್ಲಿಸಿದ್ದು ಇದೇ ಅಭ್ಯಾಸ. ನೀವೆಲ್ಲ ಬ್ರೈನ್‌ಸ್ಟೆಮ್ಮು, ನರತಂತು ಅಂತ ಹೇಳಿದಾಗ ನನಗೆ ಬೇಜಾರಿಲ್ಲ, ಆದ್ರೆ ಕೆಲವು ಸಂಶೋಧಕರು ಪ್ರಯೋಗಾಲಯದಲ್ಲಿ ಕೆಲವು ನಿಮಿಷ ಬರೀ ಗುಂಯ್ ಅನ್ನೋ ಸ್ವರ ಕೇಳಿಸಿ ಏನೂ ಆಗ್ಲಿಲ್ಲ ಅಂತ ಬರೆಯೋದು ಸರಿನಾ? ಟೇಪಲ್ಲಿ ಬೀಟ್ ಒಂದೇ ಇಲ್ಲ, ಪದರ ಪದರವಾಗಿ ಸ್ವರಗಳಿವೆ, ಮಾತಿನ ಮಾರ್ಗದರ್ಶನ ಇದೆ, ಉಸಿರಿದೆ, ದಿನಾ ಮಾಡೋ ಅಭ್ಯಾಸ ಇದೆ. ಅಷ್ಟೂ ಸೇರಿದ್ದು ಹೆಮಿ-ಸಿಂಕ್. ಎರಡು ಬದಿಯ ಹೊಂದಾಣಿಕೆ ಜಾಸ್ತಿ ಆಗುತ್ತೆ ಅಂತ ತೋರಿಸಿದ ಅಧ್ಯಯನಾನೂ ಇದೆಯಲ್ಲ?

ನರಮಂಡಲ:
ಇದೆ ಮೇಡಂ. 2016ರಲ್ಲಿ ಎರಡೂ ಬದಿಯ ಶ್ರವಣ ಭಾಗಗಳ ಮಧ್ಯೆ ಆಲ್ಫಾ ಅಲೆಗಳ (ಎಚ್ಚರವಾಗಿ ಆರಾಮಾಗಿ ಇದ್ದಾಗ ಕಾಣೋ ಅಲೆ) ಹೊಂದಾಣಿಕೆ ಹೆಚ್ಚಾಗಿದ್ದನ್ನ ಸ್ವಿಟ್ಜರ್ಲೆಂಡಿನ ಒಂದು ತಂಡ ತೋರಿಸಿತ್ತು. ಅದನ್ನ ಮುಚ್ಚಿಡೋ ಹಾಗಿಲ್ಲ. ಇನ್ನೊಂದು ಕಡೆ 2020ರಲ್ಲಿ ಮಾಂಟ್ರಿಯಲ್‌ನವರು ಬೈನಾರಲ್ ಬೀಟನ್ನ ಮಾಮೂಲಿ ಗಾಳಿ ಬೀಟಿನ ಪಕ್ಕ ಇಟ್ಟು ನೋಡಿದ್ರು. ಎರಡಕ್ಕೂ ಮಿದುಳು ಆ ಲಯಕ್ಕೆ ಸ್ಪಂದಿಸ್ತು, ಆದ್ರೆ ಮಾಮೂಲಿ ಬೀಟಿಗೇ ಜೋರಾಗಿ ಸ್ಪಂದಿಸ್ತು, ಮತ್ತೆ ಮನಸ್ಥಿತಿ ಎರಡರಲ್ಲೂ ಬದಲಾಗ್ಲಿಲ್ಲ. 2023ರಲ್ಲಿ ಇಇಜಿ ಅಧ್ಯಯನ 14ನ್ನ ಒಟ್ಟಿಗೆ ಇಟ್ಟು ನೋಡಿದಾಗ 5 ಪರವಾಗಿ, 8 ವಿರುದ್ಧ, 1 ಮಿಶ್ರ. ಒಬ್ಬೊಬ್ರು ಒಂದೊಂದು ಫ್ರೀಕ್ವೆನ್ಸಿ, ಒಂದೊಂದು ಅವಧಿ ಇಟ್ಕೊಂಡು ಮಾಡಿರೋದ್ರಿಂದ ಹೋಲಿಸೋದೂ ಕಷ್ಟ.

ಆದ್ರೆ ನೆಮ್ಮದಿ ವಿಷಯಕ್ಕೆ ಬಂದ್ರೆ ಪರವಾಗಿ ಒಳ್ಳೇ ಸಾಕ್ಷಿ ಇದೆ. 2005ರಲ್ಲಿ ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಕೇಳಿಸಿ ನೋಡಿದ ಅಧ್ಯಯನದಲ್ಲಿ ಬೈನಾರಲ್ ಬೀಟ್ ಇದ್ದ ಗುಂಪಲ್ಲಿ ಆತಂಕ ಶೇ 26.3 ಕಮ್ಮಿ ಆಯ್ತು, ಅದೇ ಸಂಗೀತ ಬೀಟ್ ಇಲ್ದೆ ಕೇಳಿದವರಲ್ಲಿ ಶೇ 11.1, ಏನೂ ಕೇಳದವರಲ್ಲಿ ಶೇ 3.8. 2019ರಲ್ಲಿ 22 ಅಧ್ಯಯನ ಸೇರಿಸಿ ಲೆಕ್ಕ ಹಾಕಿದಾಗ್ಲೂ ಗಮನ, ನೆನಪು, ಆತಂಕ, ನೋವು ಇವುಗಳ ಮೇಲೆ ಮಧ್ಯಮ ಮಟ್ಟದ ಪರಿಣಾಮ ಕಂಡಿತ್ತು. ಹಾಗಾಗಿ ಇದು ಬರೀ ಸುಳ್ಳು ಅಂತ ನಾನು ಯಾವತ್ತೂ ಹೇಳಲ್ಲ. ನನ್ನ ತಕರಾರು ಇರೋದು ಕಾರಣದ ಬಗ್ಗೆ. ನಿಮ್ಮ ದುಃಖದಲ್ಲಿ ನಿಮ್ಮನ್ನ ಹಿಡಿದದ್ದು ನೀವು ದಿನಾ ಮಲಗಿ ಉಸಿರು ಗಮನಿಸಿ ಕೂಡಿಟ್ಕೊಂಡ ಆ ಹೊತ್ತು ಅಂತ ನನಗೆ ಅನ್ಸುತ್ತೆ, ಆ ಶ್ರೇಯಸ್ಸನ್ನ 4 ಹರ್ಟ್ಜ್‌ಗೆ ಕೊಟ್ಟು ನಿಮ್ಮ ಅಭ್ಯಾಸನ ಚಿಕ್ಕದು ಮಾಡ್ಬೇಡಿ.

ರಾತ್ರಿಪಾಳಿ:
ಹಾಗಾದ್ರೆ ನನ್ನ ಕೈಕಾಲು ಮಾಯ ಆಗಿದ್ದು, ನನ್ನ ಗೊರಕೆ ನಾನೇ ಕೇಳಿದ್ದು ಏನು? ಅದು ಕಲ್ಪನೆ ಅಂತ ನನಗೆ ಒಪ್ಪೋಕಾಗಲ್ಲ.

ನರಮಂಡಲ:
ಕಲ್ಪನೆ ಅಲ್ಲ, ಒಪ್ಪಲೂ ಬೇಡಿ. ಎಚ್ಚರದಿಂದ ನಿದ್ದೆಗೆ ಜಾರೋ ಹೊಸ್ತಿಲಲ್ಲಿ ಆಲ್ಫಾ ಅಲೆ ಮಾಯ ಆಗಿ ಅದಕ್ಕಿಂತ ನಿಧಾನದ ಥೀಟಾ ಅಲೆ ಬರುತ್ತೆ, ಇದಕ್ಕೆ ಹೆಡ್‌ಫೋನ್ ಬೇಕಿಲ್ಲ, ಎಲ್ರಿಗೂ ದಿನಾ ಆಗುತ್ತೆ, ನಾವು ಗಮನಿಸೋ ಮುಂಚೆ ನಿದ್ದೆ ಹೋಗ್ಬಿಡ್ತೀವಿ. ಟೇಪಿನ ದನಿ ನಿಮ್ಮನ್ನ ಆ ಹೊಸ್ತಿಲಲ್ಲೇ ನಿಲ್ಲಿಸುತ್ತೆ, ಪೂರ್ತಿ ಮಲಗೋಕೆ ಬಿಡಲ್ಲ, ಪೂರ್ತಿ ಏಳೋಕೂ ಬಿಡಲ್ಲ. ಅಲ್ಲಾಡದೆ ಮಲಗಿದ್ರೆ ಚರ್ಮದಿಂದ ಬರೋ ಸುದ್ದಿನ ಮಿದುಳು ಗಮನಿಸೋದು ನಿಲ್ಲಿಸುತ್ತೆ, ಕೈ ಎಲ್ಲಿದೆ ಅಂತ ಗೊತ್ತಾಗಲ್ಲ. ಗಂಟಲ ಸ್ನಾಯು ಸಡಿಲ ಆಗಿ ಗೊರಕೆ ಬರುತ್ತೆ, ಕೇಳೋ ಭಾಗ ಇನ್ನೂ ಎಚ್ಚರ. ನೈಟ್ ಶಿಫ್ಟ್ ಮಾಡೋರಿಗೆ ನಿದ್ದೆ ಬಾಕಿ ಇರೋದ್ರಿಂದ ಈ ಸ್ಥಿತಿಗೆ ಬೇಗ ಹೋಗ್ತಾರೆ, ಕೆಲವೊಮ್ಮೆ ಕನಸಿನ ನಿದ್ದೆಯ ಸ್ನಾಯು ಸ್ತಂಭನ ಎಚ್ಚರದೊಳಗೆ ನುಗ್ಗುತ್ತೆ, ಎದೆ ಮೇಲೆ ಯಾರೋ ಕೂತಂಗೆ ಆಯ್ತು ಅಂತ ಹಳ್ಳಿಯಲ್ಲಿ ಹೇಳ್ತಾರಲ್ಲ, ಅದು.

ದೇಹದ ಹೊರಗೆ ಹೋದ ಅನುಭವಕ್ಕೂ ಒಂದು ಸುಳಿವು ಇದೆ. 2002ರಲ್ಲಿ ಓಲಾಫ್ ಬ್ಲಾಂಕೆ ತಂಡ ಅಪಸ್ಮಾರ ಇದ್ದ ಒಬ್ಬ ಮಹಿಳೆಯ ಮಿದುಳಿನ ಬಲಬದಿಯ ಆಂಗುಲರ್ ಗೈರಸ್ ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಆಕೆ ತಾನು ಮೇಲಿಂದ ಹಾಸಿಗೆ ಮೇಲಿನ ತನ್ನನ್ನೇ ನೋಡ್ತಿದ್ದೀನಿ ಅಂದ್ರು. ನಾನು ದೇಹದಲ್ಲಿದ್ದೀನಿ ಅನ್ನೋ ಭಾವನೆಯನ್ನೂ ಮಿದುಳು ಪ್ರತಿ ಕ್ಷಣ ಕಟ್ತಾ ಇರುತ್ತೆ, ಕಣ್ಣು, ಚರ್ಮ, ಒಳಗಿವಿಯ ಸಮತೋಲನ ಎಲ್ಲ ಸೇರಿಸಿ. ಆ ಜೋಡಣೆ ಸಡಿಲ ಆದ್ರೆ ನಾನು ಅನ್ನೋದು ಜಾಗ ಬದಲಿಸುತ್ತೆ. ಇದು ನನಗಂತೂ ಹೊರಗೆ ಹಾರಿಹೋಗೋದಕ್ಕಿಂತ ದೊಡ್ಡ ವಿಸ್ಮಯ.

ಕುಡ್ಲದವಳು:
ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಎಷ್ಟು ಉಂಟು ಮಾರಾಯ್ರೆ. ಯೋಗನಿದ್ರೆ ತಗೊಳ್ಳಿ, ದೇಹದ ಒಂದೊಂದೇ ಭಾಗಕ್ಕೆ ಗಮನ ಕೊಡ್ತಾ ನಿದ್ದೆಯ ಅಂಚಲ್ಲಿ ಎಚ್ಚರ ಇರೋದು, ಅದಕ್ಕೆ ಹೆಡ್‌ಫೋನ್ ಬೇಡ. ಭ್ರಾಮರಿಯಲ್ಲಿ ಗುನುಗೋದು ಅವರ ಮ್‌ಮ್‌ ಅಭ್ಯಾಸದ ಹಾಗೇ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಓಂಕಾರದ ಮೇಲೆ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ತೋರಿಸುವ ಸ್ಕ್ಯಾನ್) ಮಾಡಿದ ಅಧ್ಯಯನ ಒಂದು ಪ್ರಕಟ ಆಗಿದೆ. ಗಟ್ಟಿಯಾಗಿ ಓಂ ಹೇಳುವಾಗ ಅಮಿಗ್ಡಲಾ ಸೇರಿ ಭಾವನೆಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ಇಳಿಯಿತು. ಅವರು ಮಾಡಿದ ಒಳ್ಳೆ ಕೆಲಸ ಎಂತ ಅಂದ್ರೆ ಅಷ್ಟೇ ಹೊತ್ತು ಸ್ಸ್‌ಸ್ಸ್ ಅಂತ ಹೇಳಿಸಿಯೂ ನೋಡಿದ್ರು, ಅದರಲ್ಲಿ ಆ ಇಳಿಕೆ ಬರಲಿಲ್ಲ. ಸಣ್ಣ ಅಧ್ಯಯನ, ಅವರೇ ಪ್ರಾಯೋಗಿಕ ಅಂತ ಹೇಳಿದ್ದಾರೆ. ಕಿವಿಯ ಸುತ್ತ ಆಗುವ ಕಂಪನದಿಂದ ವೇಗಸ್ ನರದ (ಮಿದುಳಿನಿಂದ ಎದೆ, ಹೊಟ್ಟೆವರೆಗೆ ಹೋಗುವ ನರ) ಒಂದು ಕವಲು ಪ್ರಚೋದನೆ ಆಗ್ತದೋ ಏನೋ ಅಂತ ಅವರ ಊಹೆ. ನಂಗೆ ಹೇಳ್ಲಿಕ್ಕೆ ಇರೋದು ಇಷ್ಟೇ, ಗೇಟ್‌ವೇಯಲ್ಲಿ ಕೆಲಸ ಮಾಡುವುದು ಬೀಟೋ, ಆ ಗುನುಗುವಿಕೆಯೋ ಅಂತ ಬೇರೆ ಮಾಡಿ ನೋಡ್ಬೇಕಲ್ವಾ?

ಮಲ್ನಾಡಮ್ಮ:
ಇಲ್ಲಿ ಗೊತ್ತಿರೋರು ಇದೀರಿ ಅಂತ ಕೇಳ್ತಿದೀನಿ. ನನ್ನ ಮಗ ಪಿಯುಸಿ ಎರಡನೇ ವರ್ಷ, ಓದುವಾಗ ಇಡೀ ದಿನ "40 ಹರ್ಟ್ಜ್ ಸ್ಟಡಿ ಬೀಟ್ಸ್" ಹಾಕ್ಕೊಂಡಿರ್ತಾನೆ, ಮಿದುಳು ಚುರುಕಾಗುತ್ತಂತೆ, ಆಲ್‌ಝೈಮರ್‌ಗೂ ಔಷಧಿ ಅಂತೆ ಅಮ್ಮಾ ಅಂತಾನೆ. ಬಿಡಿಸ್ಬೇಕಾ? ಅವನಿಗೆ ಚಿಕ್ಕವನಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತು.

ನರಮಂಡಲ:
ಅಕ್ಕ, ಆಲ್‌ಝೈಮರ್ ಮಾತು ಬಂದಿರೋದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿ-ಹ್ವೇ ತ್ಸಾಯ್ ಅವರ ಪ್ರಯೋಗಾಲಯದಿಂದ. 2016ರಲ್ಲಿ ಸೆಕೆಂಡಿಗೆ 40 ಸಲ ಮಿನುಗೋ ಬೆಳಕು, 2019ರಲ್ಲಿ ಅದೇ ಲಯದ ಶಬ್ದ, ಎರಡೂ ಇಲಿಗಳ ಮೇಲೆ. ಮನುಷ್ಯರ ಮೇಲಿನ ಪರೀಕ್ಷೆ ನಡೀತಿದೆ. ಅವ್ರು ಬಳಸಿದ್ದು ಟಕ್ ಟಕ್ ಅನ್ನೋ ನೇರ ಶಬ್ದ, ಬೈನಾರಲ್ ಅಲ್ಲ, 40ರ ವ್ಯತ್ಯಾಸಕ್ಕೆ ಬೈನಾರಲ್ ಬೀಟ್ ಸರಿಯಾಗಿ ಕೇಳಿಸೋದೂ ಇಲ್ಲ, ಮೇಲೆ ಹೇಳಿದ್ರಲ್ಲ 30 ಅಂತ. ಚುರುಕಾಗೋ ವಿಷಯಕ್ಕೆ, 2023ರಲ್ಲಿ ಜನ ತಮ್ಮ ಮನೆಯಲ್ಲೇ ಬೈನಾರಲ್ ಬೀಟ್ ಕೇಳಿ ಪರೀಕ್ಷೆ ತಗೊಂಡ ಒಂದು ದೊಡ್ಡ ಆನ್‌ಲೈನ್ ಅಧ್ಯಯನದಲ್ಲಿ ಅಂಕ ಇಳಿದಿತ್ತು, ಏರಿರ್ಲಿಲ್ಲ.

ಚಿಕ್ಕಂದಿನ ಜ್ವರದ ಫಿಟ್ಸ್ ಬೇರೆ, ಅಪಸ್ಮಾರ ಬೇರೆ. ಆಮೇಲೆ ಯಾವತ್ತಾದ್ರೂ ಜ್ವರ ಇಲ್ದೆ ಬಂದಿದ್ರೆ ಅಥವಾ ಈಗ ಮಾತ್ರೆ ತಗೊಳ್ತಿದ್ರೆ ನರರೋಗ ಡಾಕ್ಟರನ್ನ ಕೇಳದೆ ಇಂಥದ್ದು ಬೇಡ. ಇಲ್ದಿದ್ರೂ ದಿನವಿಡೀ ಕಿವಿಗೆ ಹಾಕ್ಕೊಳ್ಳೋದು ಬಿಡಿಸಿ, ಅದು ಕಿವಿಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ ಒಳಗೆ, ಮಕ್ಕಳಿಗೆ ಇನ್ನೂ ಕಮ್ಮಿ.

ರಾತ್ರಿಪಾಳಿ, ನಿಮ್ಮ ಮೂರನೇ ಪ್ರಶ್ನೆಗೂ ಇಲ್ಲೇ ಹೇಳ್ತೀನಿ. ಬೈಕ್ ಓಡಿಸ್ತಾ, ಕಾರ್ ಓಡಿಸ್ತಾ ಯಾವತ್ತೂ ಬೇಡ. ಈ ಹಿಂದೆ ಭ್ರಮೆ, ಯಾರೋ ಮಾತಾಡಿದಂಗೆ ಕೇಳ್ಸೋದು ಇದ್ದವರಿಗೆ ದೇಹ ಬಿಡೋ ಅಭ್ಯಾಸ ಒಳ್ಳೇದಲ್ಲ. ನಿದ್ದೆ ಮಾತ್ರೆ ಇದ್ರೆ ನೀವಾಗೇ ನಿಲ್ಲಿಸ್ಬೇಡಿ. ಇದ್ಯಾವ್ದೂ ಇಲ್ಲ ಅಂದ್ರೆ ಕಮ್ಮಿ ವಾಲ್ಯೂಮಲ್ಲಿ ಕೇಳಿ, ನೆಮ್ಮದಿ ಸಿಗ್ತಿದ್ರೆ ಸಿಗಲಿ.

ಬೆಟ್ಟದಹಾದಿ:
ಕುಡ್ಲದವಳು ಹೇಳಿದ್ದು ನನ್ನ ತಲೆಯಲ್ಲೇ ಕೂತಿದೆ. ಬೀಟು ಬೇರೆ, ಉಳಿದದ್ದು ಬೇರೆ ಮಾಡಿ ನೋಡೋದು ಮನೆಯಲ್ಲಿ ಸಾಧ್ಯನಾ? ಬೀಟ್ ಇಲ್ದೇನೂ ನನಗೆ ಆ ವಿಸ್ತಾರ ಸಿಗುತ್ತೆ ಅಂತಾದ್ರೆ ನಾನು ಕಳ್ಕೊಳ್ಳೋದೇನೂ ಇಲ್ಲ. ಸಿಗಲ್ಲ ಅಂದ್ರೆ ನಿಮ್ಮ ವಿವರಣೆಯಲ್ಲಿ ಏನೋ ಬಾಕಿ ಇದೆ.

ಶ್ರುತಿಪೆಟ್ಟಿಗೆ:
ಸಾಧ್ಯ ಮೇಡಂ, ಕಷ್ಟಾನೂ ಇಲ್ಲ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಒಂದು ಫೈಲಲ್ಲಿ ಎಡಕ್ಕೆ 200, ಬಲಕ್ಕೆ 204 ಹರ್ಟ್ಜ್. ಇನ್ನೊಂದ್ರಲ್ಲಿ ಎರಡೂ ಕಡೆ 202. ಎರಡಕ್ಕೂ ಒಂದೇ ಮಳೆ ಸದ್ದು ಮೇಲೆ ಬೆರೆಸಿ, ಬೀಟ್ ತೀರಾ ಎದ್ದು ಕೇಳಬಾರ್ದು, ಇಲ್ಲಾಂದ್ರೆ ಯಾವ್ದು ಯಾವ್ದು ಅಂತ ಗೊತ್ತಾಗ್ಬಿಡುತ್ತೆ. ಒಂದೇ ಉದ್ದ, ಒಂದೇ ವಾಲ್ಯೂಮ್, ಶುರುವಲ್ಲಿ ಕೊನೆಯಲ್ಲಿ ಮೆಲ್ಲಗೆ ಏರಿಳಿಸಿ. ಎಂಪಿ3 ಮಾಡ್ಬೇಡಿ, ವೇವ್ ಫೈಲೇ ಇಟ್ಕೊಳ್ಳಿ, ಕಮ್ಮಿ ಗುಣಮಟ್ಟದ ಎಂಪಿ3ಯಲ್ಲಿ ಎಡಬಲದ ಸೂಕ್ಷ್ಮ ವ್ಯತ್ಯಾಸ ಕೆಡಬಹುದು. ಮಾರ್ಗದರ್ಶನದ ಮಾತು ಬೇಕಿದ್ರೆ ನಿಮ್ಮದೇ ದನಿಯಲ್ಲಿ ಒಂದೇ ಸಲ ರೆಕಾರ್ಡ್ ಮಾಡಿ ಎರಡಕ್ಕೂ ಅದನ್ನೇ ಹಾಕಿ.

ಆಮೇಲೆ ಮನೆಯವ್ರ ಕೈಗೆ ಕೊಡಿ, ಅವ್ರು ಫೈಲ್ ಹೆಸರು ಅ, ಆ ಅಂತ ತಮಗಿಷ್ಟ ಬಂದಂಗೆ ಬದಲಿಸಿ, ಯಾವ್ದು ಯಾವ್ದು ಅಂತ ಚೀಟಿ ಬರೆದು ನಿಮಗೆ ಸಿಗದ ಕಡೆ ಇಡ್ಲಿ. ಯಾವ ದಿನ ಯಾವ್ದು ಅಂತಾನೂ ಅವ್ರೇ ನಾಣ್ಯ ಚಿಮ್ಮಿ ಹೇಳ್ಲಿ. ನೀವು ಎದ್ದ ತಕ್ಷಣ, ಕಾಫಿಗೂ ಮುಂಚೆ, ಎಷ್ಟು ಆಳಕ್ಕೆ ಹೋದ್ರಿ ಅಂತ ಹತ್ತಕ್ಕೆ ಇಷ್ಟು ಅಂತ ಬರೀರಿ, ಏನು ಕಂಡ್ರಿ ಅಂತ ಎರಡು ಸಾಲು ಬರೀರಿ. ಕೆಲವು ವಾರ ಮಾಡಿ, ಮಧ್ಯದಲ್ಲಿ ಚೀಟಿ ನೋಡ್ಬೇಡಿ.

ರಾತ್ರಿಪಾಳಿ:
ನಾನೂ ಸೇರ್ಕೊಳ್ತೀನಿ. ನನ್ನ ರೂಮ್‌ಮೇಟ್ ಹೆಸರು ಬದಲಿಸಿ ಕೊಡ್ತಾನೆ. ಒಂದು ಅನುಮಾನ, ಒಂದು ಕಿವಿಯದು ತೆಗೆದು ನೋಡಿದ್ರೆ ನನಗೆ ಗೊತ್ತಾಗ್ಬಿಡಲ್ವಾ?

ಶ್ರುತಿಪೆಟ್ಟಿಗೆ:
ಗೊತ್ತಾಗುತ್ತೆ, ಅದಕ್ಕೇ ತೆಗೀಬೇಡಿ. ಹಾಕ್ಕೊಂಡ ಮೇಲೆ ಮುಗಿಯೋವರೆಗೂ ಎರಡೂ ಕಿವಿಯಲ್ಲೇ ಇರ್ಲಿ. ಎಡ ಬಲ ಅದಲು ಬದಲಾದ್ರೆ ಪರವಾಗಿಲ್ಲ, ಬೀಟ್ ಅಷ್ಟೇ ಬರುತ್ತೆ. ಮತ್ತೆ ಶಿಫ್ಟ್ ಇದ್ದ ದಿನ, ರಜೆ ದಿನ ಎರಡನ್ನೂ ಬೇರೆ ಬೇರೆ ಗುರುತು ಹಾಕಿ, ನಿದ್ದೆ ಬಾಕಿ ಇರೋ ದಿನ ಯಾವ ಫೈಲ್ ಆದ್ರೂ ಆಳಕ್ಕೆ ಎಳ್ಕೊಂಡು ಹೋಗಬಹುದು. ಮಳೆ ಸದ್ದಿನ ಫೈಲ್ ನಾನೇ ಇವತ್ತು ರಾತ್ರಿ ಮಾಡಿ ಇಲ್ಲಿ ಹಾಕ್ತೀನಿ, ಎಲ್ರೂ ಅದನ್ನೇ ಬಳಸಿದ್ರೆ ಹೋಲಿಸೋಕೆ ಸುಲಭ.